ಮಳೆಗಾಲಕ್ಕೆ ಅಮ್ಮನ ಕೊರಳು ಖಾಲಿ

ಹೋದ ವರ್ಷ ಅಡಿಕೆ ಮಾರಿದ ದುಡ್ಡು ಕೈಗೆ ಬಂದಾಗ ಅಪ್ಪಯ್ಯನ ಹತ್ತಿರ ಒಂದು ಮಾತು ತೆಗೆದೆ. ಎಲ್ಲವನ್ನೂ ಸಹಕಾರಿ ಸೊಸೈಟಿಯಲ್ಲೇ ಡೆಪಾಸಿಟ್ ಇಡಬೇಡಿ, ಒಂದಿಷ್ಟಕ್ಕೆ ಚಿನ್ನದ ನಾಣ್ಯ ತಗೊಳ್ಳಿ ಅಂತ. ಅವರು ಜಗಲಿಯ ಮೇಲೆ ಕೂತು ಕವಳ ಹಾಕುತ್ತಿದ್ದರು. ಸುಣ್ಣ ಹಚ್ಚುವುದನ್ನು ಅರ್ಧಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದರು.

"ಒಂದು ಎಕರೆ ತೋಟ ವರ್ಷಾ ವರ್ಷಾ ಗೊನೆ ಬಿಡ್ತದೆ. ನಿನ್ನ ಚಿನ್ನ ಎಂತ ಬಿಡ್ತದೆ ಮಾರಾಯ್ತಿ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಾನು ಶಿವಮೊಗ್ಗದಲ್ಲಿ ಇರುವವಳು. ತವರು ಹೊಸನಗರದ ಕಡೆ. ತಿಂಗಳಿಗೊಮ್ಮೆ ಹೋಗಿ ಬರುತ್ತೇನೆ, ಹೋದಾಗಲೆಲ್ಲ ಇಂಥ ಪುಕ್ಕಟೆ ಸಲಹೆ ಕೊಡುತ್ತೇನೆ. ಆದರೆ ಆ ಪ್ರಶ್ನೆ ಬಸ್ಸಿನಲ್ಲೂ ನನ್ನ ಜೊತೆಗೇ ಬಂತು. ಮದುವೆಗೆ ಅಂದರೆ ಸಾಲ ಮಾಡಿಯಾದರೂ ಸರ ಮಾಡಿಸುವ ಜನ ನಾವು. ಅದೇ ಚಿನ್ನವನ್ನು ಉಳಿತಾಯ ಅಂತ ಸುಮ್ನೆ ತಂದಿಡಿ ಅಂದರೆ ಯಾಕೆ ಹಿಂದೆ ಸರಿಯುತ್ತೇವೆ? ಅಪ್ಪಯ್ಯ ಒಬ್ಬರೇ ಅಲ್ಲ. ನನ್ನ ಗಂಡ, ಓರಗಿತ್ತಿ, ಆಫೀಸಿನಲ್ಲಿ ಪಕ್ಕ ಕೂರುವವರು ಎಲ್ಲರೂ ಹೀಗೆ. ಕೇಳಿದರೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ.

ಮೊದಲನೆಯದು ಭಯ. ಪೇಟೆಯವರಿಗೆ ಇದು ಪೂರ್ತಿ ಅರ್ಥವಾಗುವುದು ಕಷ್ಟ. ನಮ್ಮ ಕಡೆ ಊರು ಅಂದರೆ ಸಾಲು ಮನೆಗಳಲ್ಲ. ಒಂದು ಗುಡ್ಡಕ್ಕೆ ಒಂದು ಮನೆ, ತೋಟದ ತಲೆಯಲ್ಲಿ. ಪಕ್ಕದ ಮನೆಗೆ ಹೋಗಬೇಕಾದರೆ ಹಳ್ಳ ದಾಟಬೇಕು. ಆಷಾಢದಲ್ಲಿ ಕರೆಂಟು ಹೋದರೆ ನಾಲ್ಕು ದಿನ ಬರುವುದಿಲ್ಲ, ಫೋನಿಗೆ ಸಿಗ್ನಲ್ ಇಲ್ಲ, ನಾಯಿಯನ್ನು ಚಿರತೆ ಹೊತ್ತುಕೊಂಡು ಹೋಗಿರುತ್ತದೆ. ಮಕ್ಕಳೆಲ್ಲ ಬೆಂಗಳೂರು. ಮನೆಯಲ್ಲಿ ಉಳಿದವರು ಎಪ್ಪತ್ತು ದಾಟಿದ ಇಬ್ಬರು. ಮಳೆ ಸದ್ದಿನಲ್ಲಿ ಕೂಗಿದರೂ ಯಾರಿಗೂ ಕೇಳುವುದಿಲ್ಲ. ಅಂಥ ಮನೆಯಲ್ಲಿ ಚಿನ್ನ ಇಡಿ ಅಂದರೆ ಯಾರು ಇಡುತ್ತಾರೆ? ಅಡಿಕೆ ಕದಿಯಬೇಕಾದರೆ ಗಾಡಿ ಬೇಕು, ಹೊರಲು ಆಳು ಬೇಕು. ಚಿನ್ನಕ್ಕೆ ಒಂದು ಜೇಬು ಸಾಕು.

ಅಜ್ಜಿಯ ಒಂದು ಕಥೆ ಇದೆ. ಯಾವುದೋ ಮದುವೆಗೆ ಎಲ್ಲರೂ ಹೊರಟಾಗ ನಾಲ್ಕು ಬಳೆ ಬಿಚ್ಚಿ ಎಲ್ಲೋ ಅಡಗಿಸಿಟ್ಟಳು. ಬಂದ ಮೇಲೆ ಎಲ್ಲಿ ಇಟ್ಟೆ ಅನ್ನುವುದೇ ಮರೆತುಹೋಯಿತು. ಎರಡು ದಿನ ಹುಡುಕಾಟ. ಮನೆಕೆಲಸಕ್ಕೆ ಬರುತ್ತಿದ್ದ ಹೆಂಗಸಿನ ಮೇಲೆ ಯಾರೋ ಅನುಮಾನ ಪಟ್ಟರು. ಬಾಯಿ ಬಿಟ್ಟು ಏನೂ ಹೇಳಲಿಲ್ಲ, ಆದರೆ ಆಕೆಗೆ ಗೊತ್ತಾಯಿತು. ಮೂರನೇ ದಿನ ಅಕ್ಕಿ ಡಬ್ಬಕ್ಕೆ ಸೇರು ಹಾಕಿದಾಗ ಟಣ್ ಅಂತು. ಬಳೆ ಸಿಕ್ಕಿತು. ಆ ಹೆಂಗಸು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಅಜ್ಜಿ ಸಾಯುವ ತನಕ ಅದನ್ನು ಹೇಳಿಕೊಂಡು ನೊಂದುಕೊಳ್ಳುತ್ತಿದ್ದಳು. ಬಳೆ ಹೋಗಿದ್ದರೂ ಇಷ್ಟು ಬೇಜಾರಾಗುತ್ತಿರಲಿಲ್ಲ ಅನ್ನುತ್ತಿದ್ದಳು.

ಹಾಗಾದರೆ ಬ್ಯಾಂಕ್ ಲಾಕರ್ ಇದೆಯಲ್ಲ ಅನ್ನಬಹುದು. ಇದೆ. ಖಾಲಿ ಲಾಕರ್ ಸಿಕ್ಕರೆ. ಸಿಕ್ಕ ಮೇಲೂ ಒಂದು ವಿಷಯ ತಿಳಿದಿರಬೇಕು. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ, ಕಳ್ಳತನ, ಬೆಂಕಿ, ಕಟ್ಟಡ ಕುಸಿತ ಅಥವಾ ಸಿಬ್ಬಂದಿ ಮೋಸದಿಂದ ಲಾಕರಿನಲ್ಲಿದ್ದದ್ದು ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು ಮಾತ್ರ. ಬಾಡಿಗೆ 2,000 ರೂಪಾಯಿ ಆದರೆ 2 ಲಕ್ಷ. ಒಳಗೆ 20 ಲಕ್ಷದ ಒಡವೆ ಇದ್ದರೂ ಅಷ್ಟೇ. ಪ್ರವಾಹ, ಭೂಕಂಪ ಅಂದರೆ ಅದೂ ಇಲ್ಲ. ಸೊಸೈಟಿ ಡೆಪಾಸಿಟ್ಟಿಗೆ ವರ್ಷಕ್ಕೆ ಬಡ್ಡಿ ಬರುತ್ತದೆ, ಚಿನ್ನಕ್ಕೆ ನಾವೇ ವರ್ಷಕ್ಕೆ ಬಾಡಿಗೆ ಕಟ್ಟಬೇಕು. ಅಪ್ಪಯ್ಯನ ಪ್ರಶ್ನೆಗೆ ಈ ಕಡೆಯಿಂದ ನೋಡಿದರೂ ಉತ್ತರ ಇಲ್ಲ.

ಎರಡನೆಯದು ಮಾರುವಾಗ ಆಗುವ ಕಡಿತ. ಇದನ್ನು ನಾನು ಸ್ವಂತ ಅನುಭವದಿಂದಲೇ ಹೇಳುತ್ತೇನೆ. ಮದುವೆ ಹೊತ್ತಿಗೆ, 2004ರಲ್ಲಿ, ನನಗೆ ಒಂದು ಜೊತೆ ಬಳೆ ಮಾಡಿಸಿದ್ದರು. ಕೆಲವು ವರ್ಷದ ಹಿಂದೆ ದುಡ್ಡಿನ ಅಡಚಣೆ ಬಂತು, ಮಾರೋಣ ಅಂತ ತೆಗೆದುಕೊಂಡು ಹೋದೆ. ಅಂಗಡಿಯವರು ಮೊದಲು ಕಲ್ಲು ಕಿತ್ತರು. ಆಮೇಲೆ ಒಳಗೆ ಅರಗು ತುಂಬಿದೆ ಅಂದರು. ತೂಕ ಇಳಿಯಿತು. ಕರಗಿಸಿ ನೋಡಿದಾಗ 916, ಅಂದರೆ ಸಾವಿರ ಪಾಲಿಗೆ 916 ಪಾಲು ಅಪ್ಪಟ, ಅಂತ ನಂಬಿದ್ದ ಚಿನ್ನ 860ರ ಹತ್ತಿರ ಬಂತು. ಬಳೆ ಮಾಡಿಕೊಟ್ಟವರು ಈಗಿಲ್ಲ, ಯಾರನ್ನು ಕೇಳುವುದು? ಕೊನೆಗೆ ಕೈಗೆ ಬಂದ ದುಡ್ಡನ್ನು ಎಣಿಸಿದಾಗ, ನನ್ನದೇ ವಸ್ತುವನ್ನು ಯಾರೋ ನನಗೇ ಅರ್ಧ ಬೆಲೆಗೆ ಮಾರಿದ ಹಾಗೆ ಅನ್ನಿಸಿತು.

ಈಗ ಆ ಕಾಲ ಇಲ್ಲ ಅನ್ನುವುದೂ ನಿಜ. 2021ರ ಜೂನ್ 16ರಿಂದ ಹಂತ ಹಂತವಾಗಿ ಒಡವೆಗೆ ಪರಿಶುದ್ಧತೆಯ ಮುದ್ರೆ, ಅಂದರೆ ಹಾಲ್‌ಮಾರ್ಕ್ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಯ ಗುರುತಿನ ಸಂಖ್ಯೆ, ಅಂದರೆ ಎಚ್‌ಯುಐಡಿ ಇಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಸರ್ಕಾರದ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಪರಿಶುದ್ಧತೆ ಗೊತ್ತಾಗುತ್ತದೆ. ಒರೆಗಲ್ಲಿಗೆ ಉಜ್ಜಿ ಕಣ್ಣು ಕಿರಿದು ಮಾಡುವ ಕಾಲ ಹೋಯಿತು. ಆದರೆ ಮಜೂರಿ ಹೋಗಿಲ್ಲವಲ್ಲ. ಲೆಕ್ಕ ಸುಲಭ ಆಗಲಿ ಅಂತ 22 ಕ್ಯಾರೆಟ್ ಚಿನ್ನ ಗ್ರಾಂಗೆ 9,000 ರೂಪಾಯಿ ಅಂದುಕೊಳ್ಳಿ. 20 ಗ್ರಾಂ ಸರಕ್ಕೆ 1,80,000. ಮಜೂರಿ, ವೇಸ್ಟೇಜ್ ಸೇರಿ ಶೇ 12 ಅಂದರೆ 21,600. ಒಟ್ಟು ಮೊತ್ತದ ಮೇಲೆ ಶೇ 3 ಜಿಎಸ್‌ಟಿ, 6,048. ಕೊಟ್ಟದ್ದು 2,07,648. ಮರುದಿನ ಅದೇ ಅಂಗಡಿಗೆ ವಾಪಸ್ ಒಯ್ದರೆ ಹೆಚ್ಚೆಂದರೆ 1,80,000, ಅದರಲ್ಲೂ ಸವಕಳಿ ಅಂತ ಸ್ವಲ್ಪ ಮುರಿದುಕೊಳ್ಳುತ್ತಾರೆ. ಅಂದರೆ ಚಿನ್ನದ ರೇಟು ಶೇ 15ರಷ್ಟು ಏರಿದರೆ ಮಾತ್ರ ನಮ್ಮ ಅಸಲು ನಮಗೆ. ನಾಣ್ಯಕ್ಕೆ ಮಜೂರಿ ಕಮ್ಮಿ, ಜಿಎಸ್‌ಟಿ ಅಷ್ಟೇ. ಬ್ಯಾಂಕಿನಲ್ಲಿ ನಾಣ್ಯ ಕೊಂಡರೆ ಇನ್ನೊಂದು ತಮಾಷೆ. ಬ್ಯಾಂಕುಗಳು ಮಾರುತ್ತವೆ, ವಾಪಸ್ ಕೊಳ್ಳುವುದಿಲ್ಲ.

ಆದರೆ ಆ ದಿನ ಅಂಗಡಿಯಲ್ಲಿ ನನಗೆ ಜಾಸ್ತಿ ನೋವಾದದ್ದು ತೂಕ ಇಳಿದದ್ದಕ್ಕಲ್ಲ. ನಾನು ಕೂತಿದ್ದಾಗ ಪರಿಚಯದ ಒಬ್ಬ ಹೆಂಗಸು ಒಳಗೆ ಬಂದರು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಪರಿಚಯದವರು ಸಿಗದೆ ಇರುವುದುಂಟೇ. "ಓ, ಎಂತ ಖರೀದಿ ಜೋರಾ?" ಅಂದರು. ನಾನು ಒಂದು ಕ್ಷಣವೂ ಯೋಚಿಸದೆ "ಇಲ್ಲಪ್ಪ, ಪಾಲಿಶ್‌ಗೆ ಕೊಡೋಣ ಅಂತ ಬಂದೆ" ಅಂದೆ. ನನ್ನ ಬಳೆ, ನನ್ನ ಕಷ್ಟ, ನಾನು ಮಾರಲು ಬಂದಿದ್ದೇನೆ. ಅದರಲ್ಲಿ ಕಳ್ಳತನ ಏನಿದೆ? ಆದರೂ ಸುಳ್ಳು ತಾನಾಗಿಯೇ ಬಾಯಿಗೆ ಬಂತು. ಬ್ಯಾಂಕಿನಲ್ಲಿ ಡೆಪಾಸಿಟ್ ಮುರಿದಾಗ ಯಾರಿಗೂ ಸುಳ್ಳು ಹೇಳಬೇಕಾಗಿ ಬರಲಿಲ್ಲ. ಆ ದಿನದಿಂದ ಈ ವಿಷಯ ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ. ನಮ್ಮಲ್ಲಿ ಚಿನ್ನ ಮಾರಿದರು ಅಂದರೆ ಆ ಮನೆ ಇಳಿಯಿತು ಅಂತಲೇ ಅರ್ಥ. ಮಾರಲು ಮುಖ ಇಲ್ಲದ ವಸ್ತುವನ್ನು ಉಳಿತಾಯ ಅನ್ನುವುದು ಹೇಗೆ?

ಮಾರುವುದಿಲ್ಲ, ಆದರೆ ಅಡ ಇಡುತ್ತೇವೆ. ಇದು ಮಲೆನಾಡಿನ ಮನೆಮನೆಯ ಗುಟ್ಟು, ಗುಟ್ಟು ಅಂತ ಹೆಸರಿಗೆ ಮಾತ್ರ. ನಾನು ಚಿಕ್ಕವಳಿದ್ದಾಗ ಆರಿದ್ರೆ ಮಳೆ ಹಿಡಿಯುವ ಹೊತ್ತಿಗೆ ಅಮ್ಮನ ಕೊರಳಲ್ಲಿ ಕರಿಮಣಿ ಮಾತ್ರ ಉಳಿಯುತ್ತಿತ್ತು. ಎರಡೆಳೆಯ ಸರ ಸೊಸೈಟಿಗೆ ಹೋಗಿರುತ್ತಿತ್ತು. ಮೈಲುತುತ್ತ, ಸುಣ್ಣ ತರಬೇಕು, ಕೊಳೆರೋಗ ಬಾರದ ಹಾಗೆ ಔಷಧಿ ಹೊಡೆಸಬೇಕು, ಮರ ಹತ್ತುವವರಿಗೆ ಕೂಲಿ ಕೊಡಬೇಕು, ನಮಗೆ ಸ್ಕೂಲಿನ ಫೀಸು, ಛತ್ರಿ, ಪುಸ್ತಕ. ದುಡ್ಡು ಬರುವುದು ಮಾತ್ರ ಕೊಯ್ಲು ಮುಗಿದು, ಸುಲಿದು, ಬೇಯಿಸಿ, ಒಣಗಿಸಿ, ಶಿವಮೊಗ್ಗಕ್ಕೋ ಸಾಗರಕ್ಕೋ ಹೋಗಿ ಮಾರಿದ ಮೇಲೆ. ನಡುವಿನ ಆರೇಳು ತಿಂಗಳನ್ನು ಆ ಸರ ದಾಟಿಸುತ್ತಿತ್ತು. ಗೌರಿ ಹಬ್ಬದ ಫೋಟೊಗಳಲ್ಲಿ ಅಮ್ಮನ ಕೊರಳು ಖಾಲಿ, ಯುಗಾದಿ ಫೋಟೊಗಳಲ್ಲಿ ಸರ ಇದೆ. ಆಲ್ಬಂ ತಿರುವಿ ಹಾಕಿದರೆ ಅಡಿಕೆಯ ವರ್ಷವೇ ಕಾಣುತ್ತದೆ.

ಅಪ್ಪಯ್ಯನಿಗೆ ಇದನ್ನು ನೆನಪಿಸಿದೆ. ಚಿನ್ನ ಎಂತ ಬಿಡ್ತದೆ ಅಂತ ಕೇಳ್ತೀರಲ್ಲ, ನಿಮ್ಮ ತೋಟಕ್ಕೆ ಇಪ್ಪತ್ತು ವರ್ಷ ಔಷಧಿ ಹೊಡೆಸಿದ್ದು ಅದೇ ಅಲ್ವಾ ಅಂದೆ. ಅವರು ನಕ್ಕರು. "ಅದು ಒಡವೆ. ಒಡವೆ ಬೇರೆ, ನಾಣ್ಯ ಬೇರೆ" ಅಂದರು. ಅಡುಗೆಮನೆಯಿಂದ ಅಮ್ಮ ಏನೂ ಅನ್ನಲಿಲ್ಲ. ಪಾತ್ರೆ ಇಟ್ಟ ಸದ್ದು ಮಾತ್ರ ಸ್ವಲ್ಪ ಜೋರಾಗಿ ಬಂತು.

ಒಡವೆ ಬೇರೆ, ನಾಣ್ಯ ಬೇರೆ. ಇದನ್ನು ಹಳೇ ಕಾಲದವರ ಹಟ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ರಿಸರ್ವ್ ಬ್ಯಾಂಕ್ ಕೂಡ ಹೆಚ್ಚುಕಮ್ಮಿ ಇದನ್ನೇ ಹೇಳುತ್ತದೆ. ಚಿನ್ನದ ಗಟ್ಟಿಯ ಮೇಲೆ ಬ್ಯಾಂಕು ಸಾಲ ಕೊಡುವಂತಿಲ್ಲ. ಒಡವೆ ಮೇಲೆ ಕೊಡಬಹುದು. 2025ರ ಜೂನ್‌ನಲ್ಲಿ ಹೊರಡಿಸಿದ ನಿಯಮಗಳಲ್ಲಿ ಒಬ್ಬರ ಒಡವೆಗೆ 1 ಕೆ.ಜಿ. ತನಕ ಅವಕಾಶ, ನಾಣ್ಯಕ್ಕೆ 50 ಗ್ರಾಂ ಮಾತ್ರ. ನಮ್ಮೂರ ಸೊಸೈಟಿಯಲ್ಲಿ ವಿಚಾರಿಸಿದೆ. "ಒಡವೆ ಆದ್ರೆ ತನ್ನಿ ಅಕ್ಕ, ನಾಣ್ಯದ ತಲೆಬಿಸಿ ಬೇಡ" ಅಂದರು. ಅಂದರೆ ನಾಣ್ಯ ಹಾಕಿಕೊಳ್ಳಲು ಬರುವುದಿಲ್ಲ, ಅಡ ಇಡಲು ಸಲೀಸಲ್ಲ, ಮಾರಲು ಮನಸ್ಸಿಲ್ಲ. ಮಳೆಗಾಲದಲ್ಲಿ ಕೈ ಹಿಡಿಯದ ಚಿನ್ನವನ್ನು ತೋಟದ ಮನೆಯವರು ಯಾಕೆ ಕೊಂಡಾರು?

ಇನ್ನೊಂದು ಹಳೆಯ ಕಾರಣವೂ ಇದೆ, ಈಗಿನವರಿಗೆ ಗೊತ್ತೇ ಇರುವುದಿಲ್ಲ. ಚೀನಾ ಯುದ್ಧ ಮುಗಿದ ಬೆನ್ನಿಗೆ, 1963ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿ ಆಗಿದ್ದಾಗ ಚಿನ್ನ ನಿಯಂತ್ರಣ ನಿಯಮ ಬಂತು. ಹೊಸ ಒಡವೆ 14 ಕ್ಯಾರೆಟ್ಟಿಗಿಂತ ಜಾಸ್ತಿ ಇರಬಾರದು ಅಂತ. ಆ ಮಿತಿಯನ್ನು 1966ರಲ್ಲಿ ತೆಗೆದರು, ಆದರೆ 1968ರಲ್ಲಿ ಕಾಯ್ದೆಯೇ ಬಂತು. ಸಾಮಾನ್ಯ ಜನ ಚಿನ್ನದ ಗಟ್ಟಿ ಇಟ್ಟುಕೊಳ್ಳುವುದೇ ಅಪರಾಧ, ನಾಣ್ಯಕ್ಕೂ ನಿರ್ಬಂಧ. ಅದು ರದ್ದಾದದ್ದು 1990ರಲ್ಲಿ. ನಮ್ಮ ದೊಡ್ಡತ್ತೆ, ಅಂದರೆ ಅಪ್ಪಯ್ಯನ ಅಕ್ಕ, ಅವರ ಮದುವೆ ಆದದ್ದು 1964ರಲ್ಲಿ. ಹೊಸದಾಗಿ ಏನೂ ಮಾಡಿಸಲಿಲ್ಲವಂತೆ. ಅಜ್ಜಿಯ ಮೈಮೇಲಿಂದ ತೆಗೆದು ಅವರಿಗೆ ಹಾಕಿದರು. ಮನೆಗೇ ಬಂದು ಜಗಲಿಯಲ್ಲಿ ಕುಲುಮೆ ಹಾಕಿಕೊಂಡು ಕೆಲಸ ಮಾಡುತ್ತಿದ್ದ ಆಚಾರ್ರು ಆಗ ಬರುವುದನ್ನೇ ನಿಲ್ಲಿಸಿದರಂತೆ. ಬೇರೆ ಕೆಲಸ ಹುಡುಕಿಕೊಂಡು ಹೋದರು ಅಂತ ಕೇಳಿದ್ದೇನೆ.

ಆ ಹೆದರಿಕೆ ಕಾಯ್ದೆಯ ಜೊತೆ ಹೋಗಲಿಲ್ಲ. ನಾಣ್ಯ ಅಂದ ತಕ್ಷಣ ಅಪ್ಪಯ್ಯ ದನಿ ತಗ್ಗಿಸುತ್ತಾರೆ. "ಗೊತ್ತಾದ್ರೆ ಬಂದು ಎತ್ಕೊಂಡು ಹೋಗ್ತಾರೆ" ಅನ್ನುತ್ತಾರೆ. ಯಾರು ಬರ್ತಾರೆ ಅಂತ ಕೇಳಿದರೆ ಹೇಳುವುದಿಲ್ಲ. 1994ರ ಸುತ್ತೋಲೆ ಒಂದಿದೆ. ತೆರಿಗೆ ಇಲಾಖೆಯವರು ಶೋಧಕ್ಕೆ ಬಂದರೂ ಮದುವೆಯಾದ ಹೆಂಗಸಿನ 500 ಗ್ರಾಂ, ಮದುವೆಯಾಗದವಳ 250 ಗ್ರಾಂ, ಗಂಡಸಿನ 100 ಗ್ರಾಂ ತನಕದ ಒಡವೆಯನ್ನು ಜಪ್ತಿ ಮಾಡಬೇಕಾಗಿಲ್ಲ ಅಂತ. ಅಲ್ಲೂ ಹೇಳಿರುವುದು ಒಡವೆಯ ಮಾತೇ ನೋಡಿ. ಹಿಂದೆ ಹೀಗಿರಲಿಲ್ಲ ಅನ್ನುವುದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿ ಇದೆ. ಕೆಳದಿ ಅರಸರು ಹೊಡೆಸಿದ ಇಕ್ಕೇರಿ ವರಹ ಚಿನ್ನದ ನಾಣ್ಯವೇ. ಮೂರೂವರೆ ಗ್ರಾಂ ಹತ್ತಿರದ ತೂಕ, ಮೇಲೆ ಕೂತ ಶಿವ ಪಾರ್ವತಿ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಕೂಡ ಆ ಚಿತ್ರವನ್ನು ಬದಲಿಸದೆ ತನ್ನ ವರಹ ಹೊಡೆಸಿದ. ಆ ಬಿದನೂರು, ಅಂದರೆ ಈಗಿನ ನಗರ, ನನ್ನ ತವರಿನಿಂದ ದೂರವೇನಲ್ಲ. ನಾಣ್ಯ ಟಂಕಿಸಿದ ಊರಿನ ಪಕ್ಕದವರಿಗೆ ನಾಣ್ಯ ಕಂಡರೆ ಅಳುಕು!

ಬೆಳ್ಳಿಯ ವಿಷಯ ಬೇಗ ಮುಗಿಸುತ್ತೇನೆ. ನಮ್ಮಲ್ಲಿ ಬೆಳ್ಳಿ ಉಳಿತಾಯವೇ ಅಲ್ಲ, ಉಡುಗೊರೆ. ಗೃಹಪ್ರವೇಶಕ್ಕೆ ಕುಂಕುಮದ ಭರಣಿ, ನಾಮಕರಣಕ್ಕೆ ಲೋಟ, ಕಾಲಿಗೆ ಗೆಜ್ಜೆ. ಮಳೆಗಾಲದಲ್ಲಿ ಬೀರುವಿನೊಳಗೇ ಕಪ್ಪಾಗುತ್ತದೆ, ಹಬ್ಬದ ಹಿಂದಿನ ದಿನ ವಿಭೂತಿ ಹಾಕಿ ತಿಕ್ಕುವ ಕೆಲಸ ಹೆಂಗಸರ ಪಾಲಿಗೆ. ಜಾಗವೂ ಜಾಸ್ತಿ. 10 ಗ್ರಾಂ ಚಿನ್ನದ ನಾಣ್ಯ ಬೆರಳ ತುದಿಯಲ್ಲಿ ಕೂರುತ್ತದೆ, ಅಷ್ಟೇ ದುಡ್ಡಿನ ಬೆಳ್ಳಿ ಕೊಂಡರೆ ಅಂಗೈ ಸೋಲುತ್ತದೆ. ಅದರ ಬೆಲೆಯ ಚರಿತ್ರೆಯಂತೂ ಇನ್ನೂ ವಿಚಿತ್ರ. 1980ರ ಜನವರಿಯಲ್ಲಿ ಅಮೆರಿಕದ ಹಂಟ್ ಸಹೋದರರು ರಾಶಿ ಹಾಕಿ ಕೊಂಡದ್ದರಿಂದ ಬೆಳ್ಳಿ ಔನ್ಸಿಗೆ 50 ಡಾಲರ್ ಹತ್ತಿರ ಹೋಯಿತು, ಎರಡು ತಿಂಗಳಲ್ಲಿ ಮಕಾಡೆ ಬಿತ್ತು. 2011ರಲ್ಲಿ ಮತ್ತೆ ಅದರ ಹತ್ತಿರ ಹೋಗಿ ಬಿತ್ತು. ಆ ಮಟ್ಟವನ್ನು ನಿಜವಾಗಿ ದಾಟಿದ್ದು 2025ರಲ್ಲಿ. ರೂಪಾಯಿ ಇಳಿಯುತ್ತಾ ಬಂದದ್ದರಿಂದ ನಮಗೆ ಅಷ್ಟು ಕೆಟ್ಟದಾಗಿ ಕಾಣಲಿಲ್ಲ, ಅಷ್ಟೇ. ಆದರೂ 45 ವರ್ಷ! ನಮ್ಮ ಅಡಿಕೆ ಮರ ಅಷ್ಟರಲ್ಲಿ ಮುದಿಯಾಗುತ್ತದೆ.

ಚಿನ್ನ ಕೂಡ ಯಾವಾಗಲೂ ಏರುತ್ತದೆ ಅನ್ನುವ ಮಾತು ಪೂರ್ತಿ ಸರಿಯಲ್ಲ. 2012ರಲ್ಲಿ 10 ಗ್ರಾಂಗೆ 30 ಸಾವಿರ ದಾಟಿತ್ತು. 2015ರಲ್ಲಿ 25–26 ಸಾವಿರಕ್ಕೆ ಬಂದು ಕೂತಿತ್ತು. ಆಗ ಕೊಂಡವರ ಮುಖ ನೋಡಿದ್ದೇನೆ. ಅದೇ ವರ್ಷ ನವೆಂಬರಿನಲ್ಲಿ ಸರ್ಕಾರ ಚಿನ್ನದ ಬಾಂಡ್ ತಂದಿತು, ಅಂದರೆ ಕೈಗೆ ಚಿನ್ನ ಕೊಡದೆ ಅದರ ರೇಟಿಗೆ ಕಟ್ಟಿದ ಪತ್ರ, ಗ್ರಾಂಗೆ 2,684 ರೂಪಾಯಿ. ಎಂಟು ವರ್ಷದ ನಂತರ ವಾಪಸ್ ಕೊಟ್ಟದ್ದು 6,132, ನಡುವೆ ಬಡ್ಡಿಯೂ ಬಂತು. ಕಳ್ಳರ ಭಯ ಇಲ್ಲ, ಮಜೂರಿ ಇಲ್ಲ. ಅಪ್ಪಯ್ಯನ ಪ್ರಶ್ನೆಗೆ ಅದು ನಿಜವಾದ ಉತ್ತರ ಆಗಿತ್ತು. ನಾವು ಯಾರೂ ಕೊಳ್ಳಲಿಲ್ಲ. ಕಾಗದದ ಚಿನ್ನ ಅಂತ ನಕ್ಕೆವು. 2024ರ ಫೆಬ್ರವರಿಯ ನಂತರ ಹೊಸ ಬಾಂಡ್ ಬಂದಿಲ್ಲ. 2025ರ ಏಪ್ರಿಲಿನಲ್ಲಿ 10 ಗ್ರಾಂ ಚಿನ್ನ ಮೊದಲ ಸಲ ಒಂದು ಲಕ್ಷ ಮುಟ್ಟಿದಾಗ ಎಲ್ಲರೂ ಒಂದೇ ಮಾತು ಹೇಳಿದರು. ಈಗ ತಗೊಂಡ್ರೆ ಬೀಳುತ್ತೆ. 30 ಸಾವಿರ ಇದ್ದಾಗಲೂ ಇದನ್ನೇ ಹೇಳಿದ್ದರು.

ಆದರೆ ಅಪ್ಪಯ್ಯನ ಅಟ್ಟದ ಮೇಲೆ ಏನಿದೆ ಗೊತ್ತಾ? ಮೂರು ವರ್ಷದ ಹಿಂದಿನ ಆರು ಚೀಲ ಅಡಿಕೆ, 'ರಾಶಿ ಇಡಿ' ಅನ್ನುವ ಜಾತಿ. ರೇಟು ಬರಲಿ ಅಂತ ಕಾಯುತ್ತಿದ್ದಾರೆ. ಬಡ್ಡಿ ಇಲ್ಲ, ತೂಕ ಒಣಗುತ್ತದೆ, ಕುಟ್ಟೆ ಹಿಡಿಯುತ್ತದೆ, ಇಲಿ ಕಾಟ, ಕಳ್ಳರ ಭಯವೂ ಇದೆ. ಇದೂ ಗೊನೆ ಬಿಡುವುದಿಲ್ಲವಲ್ಲ ಅಂದೆ. "ಅದು ನಾನು ಬೆಳೆದದ್ದು" ಅಂದರು. ಅದಕ್ಕೆ ವಾದ ಮಾಡಲು ನನಗೆ ಆಗಲಿಲ್ಲ. ತಾನು ನೀರು ಹಾಯಿಸಿ, ಗೊಬ್ಬರ ಹಾಕಿ, ಒಣಗಿಸಿದ ಅಡಿಕೆ ಅದು. ಒಂದು ಹಿಡಿ ತೆಗೆದು ಅಲ್ಲಾಡಿಸಿದರೆ ಸದ್ದಿನಲ್ಲೇ ಗುಣ ಹೇಳಬಲ್ಲರು. ಚಿನ್ನದ ಗುಣಕ್ಕೆ ಇನ್ನೊಬ್ಬರ ಮಾತು ನಂಬಬೇಕು.

ಭೂಮಿಯ ವಿಷಯಕ್ಕೆ ಬಂದಾಗ ಮಾತ್ರ ನಾನು ಸುಮ್ನಿರಲಿಲ್ಲ. "ಭೂಮಿ ಎಲ್ಲಿಗೂ ಹೋಗಲ್ಲ" ಅಂದರು. "ಅಜ್ಜಿ ತವರು ಹೋಯ್ತಲ್ಲ" ಅಂದೆ. ಅಜ್ಜಿ ಮುಳುಗಡೆ ಊರಿನವಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಶರಾವತಿಯ ನೀರು ಅವಳ ತವರಿನ ಗದ್ದೆ, ತೋಟ, ಮನೆ ಎಲ್ಲವನ್ನೂ ತೆಗೆದುಕೊಂಡಿತು. ಆ ಮನೆಯಿಂದ ಬಂದದ್ದು ಅವಳ ಮೈಮೇಲೆ ಇದ್ದದ್ದು ಮಾತ್ರ. ಅದೇ ಆಮೇಲೆ ದೊಡ್ಡತ್ತೆಯ ಮದುವೆಗೆ ಹೋಯಿತು. ಉಳಿದದ್ದು ಕರಗಿ ಅಮ್ಮನ ಎರಡೆಳೆ ಸರ ಆಯಿತು. ಅಪ್ಪಯ್ಯ ಬಹಳ ಹೊತ್ತು ಮಾತಾಡಲಿಲ್ಲ. ಕವಳ ಉಗಿಯಲು ಎದ್ದು ಹೋದರು.

ದೀಪಾವಳಿಗೆ ಹೋಗುವಾಗ ನಾನೇ 4 ಗ್ರಾಂದು ಒಂದು ನಾಣ್ಯ ಕೊಂಡು ಒಯ್ದೆ. ನನ್ನ ಸಂಬಳದ ದುಡ್ಡು, ಅಮ್ಮನ ಹೆಸರಿಗೆ. ಗಟ್ಟಿ ಪ್ಲಾಸ್ಟಿಕ್ ಕಾರ್ಡಿನಲ್ಲಿ ಸೀಲ್ ಆಗಿತ್ತು. ತೂಕ, ಪರಿಶುದ್ಧತೆ, ನಂಬರ್ ಎಲ್ಲ ಅದರ ಮೇಲೆಯೇ. ಅಂಗಡಿಯವರು ಎರಡು ಸಲ ಹೇಳಿದ್ದರು, ಸೀಲ್ ಒಡೆಯಬೇಡಿ, ಒಡೆದರೆ ವಾಪಸ್ ಕೊಡುವಾಗ ಮತ್ತೆ ಪರೀಕ್ಷೆ ಮಾಡಬೇಕಾಗುತ್ತೆ ಅಂತ. ಅಮ್ಮನಿಗೂ ಹೇಳಿದೆ. ಬೇಕಾದಾಗ ಮಾರು, ಯಾರಿಗೂ ಹೇಳಬೇಕಾಗಿಲ್ಲ ಅಂದೆ. ಅಮ್ಮ ತಲೆ ಆಡಿಸಿದಳು. ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಸಂಜೆ ಲಕ್ಷ್ಮೀ ಪೂಜೆಗೆ ದೇವರ ಕೋಣೆಗೆ ಹೋದರೆ ತಟ್ಟೆಯಲ್ಲಿ ಅರಿಶಿನ, ಕುಂಕುಮ ಹಚ್ಚಿದ ನಾಣ್ಯ ಹೊಳೆಯುತ್ತಿತ್ತು. ಪಕ್ಕದ ಮಣೆಯ ಮೇಲೆ ಅಡಿಕೆ ಕತ್ತರಿ, ಎರಡು ತುಂಡಾದ ಪ್ಲಾಸ್ಟಿಕ್.

"ಅಮ್ಮಾ, ಸೀಲ್!" ಅಂದೆ.

"ದೇವರಿಗೆ ಪ್ಲಾಸ್ಟಿಕ್ ಇಡ್ತಾರೇನೇ?" ಅಂದಳು. "ಇನ್ನು ನಾಲ್ಕು ಗ್ರಾಂ ಆದ್ರೆ ಒಂದು ಪದಕ ಆಗ್ತದೆ. ಮಳೆಗಾಲಕ್ಕೆ ಸೊಸೈಟಿಗೂ ಆಗ್ತದೆ."

ಅಪ್ಪಯ್ಯ ಬಾಗಿಲಲ್ಲಿ ನಿಂತು ಕೈ ಮುಗಿದರು. ನನ್ನ ಕಡೆ ನೋಡಲೇ ಇಲ್ಲ.